ದಿನಕ್ಕೊಂದು ಛಾಯಾಚಿತ್ರ

ಛಾಯಾಚಿತ್ರಗ್ರಹಣವು ಸಿರಿವಂತರ ಹವ್ಯಾಸವೆಂಬ ಕಾಲ ಕಳೆಯಿತು. ಜೇಬಿನ ಮೊಬೈಲೇ ಇಂದು ಕ್ಯಾಮರಾ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ ಎಂಬಾತನು 1979ರಿಂದ 1997ರಲ್ಲಿ ತೀರಿಕೊಂಡ ದಿನದವರೆಗೂ ದಿನಕ್ಕೊಂದರಂತೆ ಚಿತ್ರ ತೆಗೆದನು.

ಆರಂಭಿಸಲು ದೂರ ಹೋಗಬೇಕಿಲ್ಲ. ಒಂದು ವಸ್ತುವನ್ನು ಆರಿಸಿ, ನಿತ್ಯವೂ ಅದೇ ಸ್ಥಳದಲ್ಲಿ ಅದೇ ಹೊತ್ತಿಗೆ ನಿಲ್ಲಬೇಕು. ಆಗ ಬದಲಾದುದು ಮಾತ್ರ ಕಣ್ಣಿಗೆ ಬೀಳುತ್ತದೆ. ಹೊಳೆನರಸೀಪುರದಲ್ಲಿ ನಾನು ಹೇಮಾವತಿಯನ್ನು ಆರಿಸಿಕೊಂಡಿದ್ದೇನೆ. ಗೊರೂರು ಅಣೆಕಟ್ಟಿನ ಕೆಳಗಿನ ಈ ಹೊಳೆಯ ಏರಿಳಿತವನ್ನು ಸಾಲಾಗಿಟ್ಟ ಚಿತ್ರಗಳೇ ಹೇಳುತ್ತವೆ. ಹಾಸನದವರಿಗೆ ಆಲೂಗೆಡ್ಡೆಯ ಹೊಲ, ಅರಕಲಗೂಡಿನವರಿಗೆ ಹೊಗೆಸೊಪ್ಪಿನ ಒಂದು ಸಾಲು ಸಾಕು. ಚನ್ನರಾಯಪಟ್ಟಣದವರಿಗೆ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ನೆರಳು ಮೂಡಿ ಶಿಲ್ಪಗಳು ಎದ್ದು ಕಾಣುತ್ತವೆ, ನಡುಹಗಲಿನಲ್ಲಿ ಅಷ್ಟು ಕಾಣವು.

ಇದು ಬರಿಯ ವಿನೋದವೇ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜಿ ಗದ್ದೆಯಲ್ಲಿ ದುಡಿದ ವರುಷಗಳ ಒಂದು ಚಿತ್ರವೂ ನಮ್ಮಲ್ಲಿಲ್ಲ. ಉಳಿದಿರುವುದು ಗುರುತಿನ ಚೀಟಿಯ ಮುಖವೊಂದೇ. ಆದ್ದರಿಂದ ಹೊಳೆಯ ಚಿತ್ರವಾದ ಮೇಲೆ ಭಾನುವಾರಗಳಂದು ಅವ್ವನ ಕೆಲಸದ ಚಿತ್ರವನ್ನೂ ತೆಗೆಯುತ್ತೇನೆ.

ಮಿತ್ರರೇ, ಮೂರು ಮಾತು ನೆನಪಿಡಿ: ಅನ್ಯರ ಮುಖ ತೆಗೆಯುವ ಮುನ್ನ ಕೇಳಿ, ದಿನಾಂಕ, ಸ್ಥಳಗಳನ್ನು ಅಂದೇ ಬರೆದಿಡಿ, ಪ್ರತಿಯೊಂದನ್ನು ಬೇರೆಡೆ ಕಾಪಾಡಿ. ಮೊಬೈಲು ಕೆಟ್ಟರೂ ವರುಷ ಕೆಡಬಾರದು.