ಎರಡು ಸೋಲು, ಎರಡು ಗೋಲು: ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ, 1948 ಮತ್ತು 1952

ಇವತ್ತು ನಾನು ಮಾತಾಡೋದು ಭಾರತ ಫುಟ್‌ಬಾಲ್ ತಂಡದ ಎರಡು ಹಳೆಯ ಸೋಲುಗಳ ಬಗ್ಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ವಿರುದ್ಧ 1-10. ಎರಡರಲ್ಲೂ ಭಾರತದ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಆಟಗಾರರು: ಮೊದಲು ಸಾರಂಗಪಾಣಿ ರಾಮನ್, ಆಮೇಲೆ ಅಹ್ಮದ್ ಖಾನ್. ನಮ್ಮ ಹೊಸೂರಿನಿಂದ ಸುಮಾರು 40 ಕಿ.ಮೀ. ಅಷ್ಟೇ. ಆಗ ಹೊಸೂರು ಮದ್ರಾಸ್ ಕಡೆಯ ಸೇಲಂ ಜಿಲ್ಲೆ, ಬೆಂಗಳೂರು ಮೈಸೂರು. ಗಡಿ ಇತ್ತು, ಆದರೆ ಹತ್ತಿರದ ದೊಡ್ಡ ಮೈದಾನ ಅದೇ ಆಗಿತ್ತು, ಈಗಲೂ ಅದೇ.

ಮೊದಲ ಸೋಲು ನೋಡಿ. ಜುಲೈ 31, 1948. ಲಂಡನ್ ಹತ್ತಿರದ ಇಲ್‌ಫರ್ಡ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು, 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಕೈತಪ್ಪಿದವು. ಕೊನೆಯಲ್ಲಿ, 89ನೇ ನಿಮಿಷದಲ್ಲಿ ಫ್ರಾನ್ಸ್ ಗೆದ್ದಿತು. ಹೀಗೆ ಸೋತವರನ್ನು ಜನ ಹೊಗಳ್ತಾರೆ, ಅದು ಸಹಜ. ಆದರೆ ಹೊಗಳಿಕೆಗೂ ಒಂದು ಬೆಲೆ ಇದೆ. ಪೆನಾಲ್ಟಿ ಯಾಕೆ ತಪ್ಪಿತು ಅನ್ನೋ ಪ್ರಶ್ನೆ ಹಿಂದೆ ಸರಿದು, ಬರಿಗಾಲಿನ ಶೌರ್ಯ ಮುಂದೆ ಬಂತು.

ನಾಲ್ಕು ವರ್ಷದ ನಂತರ ಹೆಲ್ಸಿಂಕಿಗೆ ಹೋದಾಗಲೂ ಕೆಲವರು ಬರಿಗಾಲಲ್ಲೇ ಆಡಿದರು. ಅಷ್ಟರಲ್ಲಿ ಭಾರತ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತ್ತು. ಅಲ್ಲಿ ಪಂದ್ಯ 80 ನಿಮಿಷ, ಒಲಿಂಪಿಕ್ಸ್‌ನಲ್ಲಿ 90. ಎದುರಾಳಿಯೂ ಬೇರೆ ಮಟ್ಟದ್ದು. ಯುಗೊಸ್ಲಾವಿಯದ ಬ್ರಾಂಕೊ ಜೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಆ ತಂಡ ಫೈನಲ್‌ವರೆಗೆ ಹೋಗಿ ಬೆಳ್ಳಿ ಪಡೆಯಿತು. ಅಹ್ಮದ್ ಖಾನ್ ಗೋಲು ಬಂದದ್ದು ಪಂದ್ಯ ಮುಗಿಯೋ ಹೊತ್ತಿಗೆ. ಈ ಸೋಲಿನ ನಂತರವೇ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು.

ಹಾಗಾದರೆ ಎಲ್ಲಕ್ಕೂ ಬೂಟೇ ಕಾರಣವಾ? ಅಲ್ಲ ಅಂತ ನನ್ನ ವಾದ. 1955ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ತಂಡದ ಎದುರು ಭಾರತ 1-11 ಸೋತಿತು, ಅದು ನಮ್ಮ ಅತಿ ದೊಡ್ಡ ಸೋಲು. ಆಗ ಬೂಟು ಕಡ್ಡಾಯವಾಗಿತ್ತು. ಮರುವರ್ಷ ಮೆಲ್ಬರ್ನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯ ಎದುರು ನೆವಿಲ್ ಡಿಸೋಜಾ ಗೋಲಿನಿಂದ ಭಾರತವೇ ಮೊದಲು ಮುಂದಿತ್ತು, ಕೊನೆಗೆ 1-4 ಸೋತಿತು. 1-10ರಿಂದ 1-4ಕ್ಕೆ ಬಂದದ್ದು ಒಂದು ಜೊತೆ ಬೂಟಿನಿಂದ ಅಲ್ಲ. ಕೋಚ್ ಸೈಯದ್ ಅಬ್ದುಲ್ ರಹೀಂ ಅವರ ತಂಡ ಬಲವಾದ ಎದುರಾಳಿಗಳ ಜೊತೆ ಆಡುತ್ತಾ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನವೂ ಅವರ ತಂಡದ್ದೇ.

ಚರ್ಚೆಯಲ್ಲಿ ಒಂದು ಪ್ರಶ್ನೆ ಬಂತು: ಮನೆಯಲ್ಲಿ ಬಲ ಇದ್ದೂ ಹೊರಗೆ ಯಾಕೆ ಹೀಗೆ? ಒಳ್ಳೆ ಪ್ರಶ್ನೆ. 1952-53ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಗೆದ್ದಿತ್ತು. ಅಂದರೆ ಹೆಲ್ಸಿಂಕಿಯ ಆ ಕಾಲದಲ್ಲೇ ಇಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ನಮ್ಮ ನಮ್ಮಲ್ಲೇ ಆಡಿದರೆ ನಮ್ಮ ಮಟ್ಟವೇ ನಮಗೆ ಅಳತೆಗೋಲು ಆಗುತ್ತೆ. ಹೊರಗಿನ ಅಳತೆ ಸಿಗೋದು ಸೋತಾಗಲೇ.

ಹೊಸೂರು, ಡೆಂಕಣಿಕೋಟೆ, ತಳಿ ಕಡೆ ಚೆಂಡು ಒದೆಯೋ ಹುಡುಗ ಹುಡುಗಿಯರಿಗೆ ನಾವು ಯಾವ ಕತೆ ಹೇಳಬೇಕು ಅನ್ನೋದು ಇಲ್ಲೇ ಇದೆ. 1-2ರ ಕತೆ ಹೆಮ್ಮೆ ಕೊಡುತ್ತೆ, ಹೇಳೋಣ. 1-10ರ ಕತೆಯನ್ನೂ ಮುಚ್ಚಿಡದೆ ಹೇಳೋಣ, ಯಾಕಂದರೆ ತಂಡವನ್ನು ಬದಲಾಯಿಸಿದ್ದು ಅದು.