ಅಲಾಸ್ಕಾ ಹಡಗಿಗೆ ಗಂಟುಮೂಟೆ

ವ್ಯಾಂಕೂವರ್ ಅಥವಾ ಸಿಯಾಟಲ್‌ನಿಂದ ಹೊರಟು ಕೆಚಿಕನ್, ಜೂನೋ, ಸ್ಕ್ಯಾಗ್ವೇ ಊರುಗಳನ್ನು ಮುಟ್ಟಿ, ಗ್ಲೇಸಿಯರ್ ಬೇ ತೋರಿಸುವುದು ಅಲಾಸ್ಕಾ ಕ್ರೂಸ್‌ಗಳ ರೂಢಿಯ ದಾರಿ. ಸುಮಾರು ಒಂದು ವಾರದ ಪಯಣ. ಮೇಯಿಂದ ಸೆಪ್ಟೆಂಬರ್‌ವರೆಗೆ ಹಂಗಾಮು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಕನ್ನಡದ ಅಪ್ಪ ಅಮ್ಮಂದಿರೂ ಈಗ ಈ ಹಡಗು ಹತ್ತುತ್ತಾರೆ. ಅಲಾಸ್ಕಾ ಎಂದೊಡನೆ ಹಿಮಕರಡಿ ಕಣ್ಣಮುಂದೆ ಬರುತ್ತದೆ. ಪೆಟ್ಟಿಗೆಯ ಅರ್ಧ ಜಾಗವನ್ನು ಒಂದು ದಪ್ಪ ಕೋಟು ನುಂಗಿಬಿಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಜುಲೈ ನಡುಹಗಲಲ್ಲಿ ಜೂನೋದ ತಾಪಮಾನ 17–18 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯ. ಅಲ್ಲಿ ಕಾಡುವುದು ಮಳೆ ಮತ್ತು ಗಾಳಿ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಸುತ್ತಲಿನ ಟಾಂಗಸ್ ಕಾಡು ತಂಪುನಾಡಿನ ಮಳೆಕಾಡು.

ಇನ್ನು ಗಾಳಿ. ನಮ್ಮ ಮೈ ತನ್ನ ಸುತ್ತಲಿನ ತೆಳುವಾದ ಗಾಳಿಯ ಪದರವನ್ನು ಸದಾ ಬೆಚ್ಚಗಾಗಿಸುತ್ತಿರುತ್ತದೆ. ಕದಲದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ ಆ ಪದರವೇ ನಮ್ಮ ಮೊದಲ ಹೊದಿಕೆ. ಬೀಸುಗಾಳಿ ಅದನ್ನು ಹೊತ್ತೊಯ್ಯುತ್ತದೆ, ಮೈ ಮತ್ತೆ ಹೊಸದನ್ನು ಕಾಯಿಸಬೇಕಾಗುತ್ತದೆ. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿವೇಗದಲ್ಲಿ ಅದು ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆದರು. ಎಷ್ಟು ಸರಳ, ಎಷ್ಟು ಸುಂದರ ಪ್ರಯೋಗ! ಇಂದಿನ ‘ವಿಂಡ್ ಚಿಲ್’ ಲೆಕ್ಕದ ಬೇರು ಅದೇ. ಅಮೆರಿಕ ಮತ್ತು ಕೆನಡಾ 2001ರಲ್ಲಿ ಅದನ್ನು ಪರಿಷ್ಕರಿಸಿದವು.

ಗಾಳಿ ಬೀಸಿದರೆ ತಾಪಮಾನವೇ ಇಳಿಯುತ್ತದೆ ಎಂದು ಹಲವರು ನಂಬುತ್ತಾರೆ. ಇಳಿಯುವುದಿಲ್ಲ. ಸೀಲಿಂಗ್ ಫ್ಯಾನ್ ಹಾಕಿದರೆ ಗೋಡೆಯ ಥರ್ಮಾಮೀಟರ್ ಕೆಳಗಿಳಿಯದು, ಕೆಳಗೆ ಕೂತವರ ಮೈಯ ಶಾಖ ಬೇಗ ಹೋಗುತ್ತದೆ, ಅಷ್ಟೆ. ಹಡಗು 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎನ್ನಿ. ಹೊರಗೆ ಎಲೆ ಅಲುಗದಿದ್ದರೂ ಡೆಕ್ಕಿನ ಮೇಲೆ ನಿಂತವರ ಮುಖಕ್ಕೆ ಅಷ್ಟೇ ವೇಗದ ಗಾಳಿ ಬಡಿಯುತ್ತದೆ. ತಾಪಮಾನ 5 ಡಿಗ್ರಿ ಇದ್ದಾಗ ಆ ಗಾಳಿಗೆ ಚರ್ಮ ಅನುಭವಿಸುವ ಚಳಿ ಸೊನ್ನೆಯ ಆಸುಪಾಸಿನದು. ಹಿಮನದಿಯ ಮುಂದೆ ಹಡಗು ನಿಂತರೂ ಬಿಡುವಿಲ್ಲ: ಮಂಜಿನ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ಸಮುದ್ರದತ್ತ ಬೀಸುತ್ತಲೇ ಇರುತ್ತದೆ.

ಇಷ್ಟು ತಿಳಿದರೆ ಬಟ್ಟೆಯ ಆಯ್ಕೆ ಸುಲಭ. ಮೈಗೆ ತಾಗಿ ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಥರ್ಮಲ್, ಅದರ ಮೇಲೆ ಗಾಳಿ ಹಿಡಿದಿಡುವ ಫ್ಲೀಸ್ ಅಥವಾ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ–ಮಳೆ ತಡೆಯುವ, ಟೋಪಿಯಿರುವ ಜಾಕೆಟ್. ಮೂರನೆಯದಿಲ್ಲದೆ ಎಷ್ಟೇ ದಪ್ಪ ಸ್ವೆಟರ್ ಹಾಕಿದರೂ ಗಾಳಿ ಹೆಣಿಗೆಯ ಕಣ್ಣುಗಳಲ್ಲಿ ನುಸುಳುತ್ತದೆ. ಸೀರೆ ಬಿಡಲೊಲ್ಲದವರು ಒಳಗೆ ಥರ್ಮಲ್ ಲೆಗ್ಗಿಂಗ್ಸ್ ತೊಟ್ಟರೆ ಸಾಕು. ಹಡಗಿನ ಔಪಚಾರಿಕ ಊಟದ ಸಂಜೆಗೆ ರೇಷ್ಮೆ ಸೀರೆಗಿಂತ ಚೆಂದದ ಉಡುಗೆ ಇನ್ನೊಂದಿಲ್ಲ.

ಜೀನ್ಸ್ ಮತ್ತು ಹತ್ತಿ ಕಾಲುಚೀಲ ಮಾತ್ರ ಡೆಕ್ಕಿಗೆ ಬೇಡ. ಹತ್ತಿ ನೆನೆದರೆ ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬುತ್ತದೆ, ಮತ್ತು ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ. ಉಣ್ಣೆಯ ಗುಣ ಬೇರೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಅದು ಎಳೆಯೊಳಗೇ ಸೆಳೆದುಕೊಳ್ಳಬಲ್ಲದು. ಸೆಳೆಯುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಎಳೆಗಳ ಸುರುಳಿ ಕುಸಿಯದ ಕಾರಣ ಗಾಳಿಯ ಜಾಗವೂ ಉಳಿಯುತ್ತದೆ.

ಉಳಿದ ಸಾಮಾನು: ಕೈಗವಸು, ಬೈನಾಕ್ಯುಲರ್, ಜಾರದ ಬೂಟು. ದೊಡ್ಡ ಪೆಟ್ಟಿಗೆ ಕೋಣೆ ಸೇರಲು ಗಂಟೆಗಳೇ ಹಿಡಿಯಬಹುದು, ಆದ್ದರಿಂದ ಔಷಧಿ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆಯನ್ನು ಬೆಂಕಿಯ ಭಯದಿಂದ ಹಡಗಿನವರು ಬಿಡುವುದಿಲ್ಲ. ಅಮೆರಿಕದ 1886ರ ಕಾನೂನಿನಿಂದಾಗಿ, ವಿದೇಶಿ ಧ್ವಜದ ಹಡಗು ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವುದಾದರೂ ನಡುವೆ ಕೆನಡಾದ ವಿಕ್ಟೋರಿಯಾದಂಥ ಬಂದರನ್ನು ಮುಟ್ಟಬೇಕು. ಹಾಗಾಗಿ ಭಾರತದ ಪಾಸ್‌ಪೋರ್ಟಿನ ಪ್ರವಾಸಿಗೆ ಕೆನಡಾದ ವೀಸಾವೂ ಬೇಕು. ಎಷ್ಟೋ ಜನ ಇದನ್ನು ಕೊನೆಗಳಿಗೆಯಲ್ಲಿ ಅರಿಯುತ್ತಾರೆ.

ಉಣ್ಣೆಯ ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಚಳ್ಳಕೆರೆಯ ಕಂಬಳಿ, ಮಳೆಗಾಲದ ಕಂಬಳಿಕೊಪ್ಪೆ, ಕುರಿಗಾಹಿಯ ಹೆಗಲ ಮೇಲಿನ ಕರಿಕಂಬಳಿ ಇವೆಲ್ಲ ನೆನೆದೂ ಬೆಚ್ಚಗಿಡುವುದು ಇದೇ ಕಾರಣಕ್ಕೆ. ಜವಳಿ ವಿಜ್ಞಾನದ ವಿದ್ಯಾರ್ಥಿಗಳು ದಖನಿ ಕುರಿಯ ಒರಟು ಉಣ್ಣೆಯನ್ನೂ ಮೆರಿನೋವನ್ನೂ ಪಕ್ಕಪಕ್ಕದಲ್ಲಿಟ್ಟು, ಒಣಗಿದ್ದಾಗ ಮತ್ತು ನೆನೆದಾಗ ಎರಡೂ ಎಷ್ಟು ಶಾಖ ಬಿಟ್ಟುಕೊಡುತ್ತವೆ ಎಂದು ತಾವೇ ಅಳೆಯಲಿ. ಒಂದು ಥರ್ಮಾಮೀಟರ್, ಬಿಸಿನೀರಿನ ಎರಡು ಡಬ್ಬಿ, ಒಂದು ಫ್ಯಾನ್ ಇದ್ದರೆ ಶಾಲೆಯ ಪ್ರಯೋಗಾಲಯದಲ್ಲೂ ಈ ಕೆಲಸ ಶುರುವಾಗಬಲ್ಲದು.