ನಾಲ್ಕು ತಂತಿಯ ಮೋಹ: ಬೇಸ್ ಗಿಟಾರ್ ಕೊಳ್ಳೋ ಮುಂಚೆ ನನ್ನ ಪಾಡು ಕೇಳಿ!

ಚಿತ್ರರಸಿಕ ಮಿತ್ರರೇ, ಹೀರೋ ಬಂದ. ನೀವು ಸೀಟಿ ಹೊಡೆದಿರಿ. ಹೀರೋಯಿನ್ ತಿರುಗಿ ನೋಡಿದಳು, ಇನ್ನೊಂದು ಸೀಟಿ. ಸರಿ, ಒಪ್ಪಿದೆ. ಆದರೆ ಹಾಡು ಶುರುವಾದ ಕೂಡಲೇ ಎದೆಯೊಳಗೆ 'ಧುಂ... ಧುಂ...' ಅಂತ ಏನೋ ಬಡಿಯಿತಲ್ಲ, ಕಾಲು ತಾನಾಗೇ ನೆಲ ಕುಟ್ಟಿತಲ್ಲ, ಅದು ಯಾರ ಕೈವಾಡ? ತಬಲಾದ್ದಾ? ಡ್ರಮ್ಮಿನದ್ದಾ? ಅಲ್ಲ ಸ್ವಾಮಿ! ಪರದೆಯ ಮೇಲೆ ಎಂದೂ ಮುಖ ತೋರಿಸದ ಬೇಸ್ ಗಿಟಾರ್‌ನದ್ದು.

ಶಂಕರ್ ನಾಗ್ ಅವರ 'ಗೀತಾ' ಬಂದದ್ದು 1981ರಲ್ಲಿ. ಮಣಿರತ್ನಂ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' 1983ರಲ್ಲಿ. ಎರಡಕ್ಕೂ ಇಳಯರಾಜಾ ಸಂಗೀತ. ಆ ಹಾಡುಗಳನ್ನು ಇನ್ನೊಮ್ಮೆ ಕೇಳಿ. ಗಾಯಕರನ್ನು ಬಿಡಿ, ಪಿಟೀಲನ್ನೂ ಬಿಡಿ. ಎಲ್ಲಕ್ಕಿಂತ ಕೆಳಗೆ ಒಂದು ದನಿ ತನ್ನ ಪಾಡಿಗೆ ತಾನು ಬೇರೊಂದು ಹಾಡನ್ನೇ ಹಾಡಿಕೊಂಡು ನಡೆಯುತ್ತಿರುತ್ತೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮರೆಯಬೇಡಿ. ಈ ವಾದ್ಯದ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತೆ. ಅಷ್ಟು ತಗ್ಗಿನ ಸ್ವರವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು.

ನನಗೆ ಹುಚ್ಚು ಹಿಡಿಸಿದ್ದು ಆ ದನಿಯೇ.

ಕೆಂಪು ಸುಂದರಿಯ ಮೋಸ

ಪಿಯುಸಿ ಓದುತ್ತಿದ್ದ ಕಾಲ. ಓದುತ್ತಿದ್ದೆ ಅನ್ನೋದು ಅಪ್ಪನ ನಂಬಿಕೆ. ಫೀಸಿಗೆ ಅಂತ ಅವರು ಕೊಟ್ಟ ಹಣ, ರಜೆಯಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ದುಡಿದ ಕಾಸು, ಎರಡೂ ಸೇರಿ ಎಂಟು ಸಾವಿರ. ಅದನ್ನು ಕಿಸೆಯಲ್ಲಿಟ್ಟುಕೊಂಡು ಸೆಕೆಂಡ್ ಹ್ಯಾಂಡ್ ವಾದ್ಯದಂಗಡಿಯೊಂದಕ್ಕೆ ನುಗ್ಗಿದೆ. ಗೋಡೆಯ ಮೇಲೆ ನೇತುಬಿದ್ದಿತ್ತು, ಮೆಣಸಿನಕಾಯಿ ಕೆಂಪಿನ ಬೇಸ್ ಗಿಟಾರ್. ಬಣ್ಣ ನೋಡಿದೆ, ಹೊಳಪು ನೋಡಿದೆ, ಕನ್ನಡಿಯಲ್ಲಿ ನನ್ನನ್ನೂ ನೋಡಿಕೊಂಡೆ. ನೋಡಬೇಕಾದ್ದನ್ನು ಮಾತ್ರ ನೋಡಲಿಲ್ಲ.

ಮನೆಗೆ ತಂದ ಮೇಲೆ ಗೊತ್ತಾಯಿತು. ಐದನೇ ಫ್ರೆಟ್ ದಾಟಿದರೆ ತಂತಿ 'ಜರ್‍ರ್' ಅನ್ನುತ್ತೆ. ಕತ್ತು ತಿರುಚಿಕೊಂಡಿತ್ತು! ಬಾಗಿದ ಕತ್ತನ್ನು ಸರಿಪಡಿಸಬಹುದು. ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳಿರುತ್ತೆ, ಕೀಲಿ ಹಾಕಿ ತಿರುವಿದರೆ ನೇರವಾಗುತ್ತೆ. ಆದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಮರವೇ ತಿರುಚಿಕೊಂಡರೆ ಆ ಸರಳು ಏನೂ ಮಾಡಲಾರದು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. 'ಆವಾಗ್ಲೇ ನೋಡ್ಕೋಬೇಕಿತ್ತು ತಮ್ಮಾ' ಅಂದ. ಅವನ ಮಾತೂ ನಿಜವೇ.

ಆದರೂ ಬಿಡಲಿಲ್ಲ. ಮೊದಲ ನಾಲ್ಕು ಫ್ರೆಟ್‌ಗಳಲ್ಲೇ ಕಲಿತೆ. ಆರ್ಕೆಸ್ಟ್ರಾವೊಂದರಲ್ಲಿ ಜಾಗವೂ ಸಿಕ್ಕಿತು. ಕಾಲೇಜು ಕೈಬಿಟ್ಟಿತು, ಅಥವಾ ನಾನೇ ಕಾಲೇಜನ್ನು ಬಿಟ್ಟೆ ಅನ್ನಿ.

ಗಣೇಶನ ಹಬ್ಬದ ರಾತ್ರಿ. ತಾಲೂಕು ಕೇಂದ್ರದ ಮೈದಾನ, ಕಾಲಿಡಲು ಜಾಗವಿಲ್ಲದಷ್ಟು ಜನ. 'ಗೀತಾ' ಚಿತ್ರದ ಹಾಡು. ಪಲ್ಲವಿ ಮುಗಿದು ಬೇಸ್ ಒಂದೇ ನುಡಿಯುವ ಜಾಗ ಬಂತು. ನನ್ನ ವಾದ್ಯ ಒಮ್ಮೆ ಗೊರಗೊರ ಅಂತು, ಆಮೇಲೆ ಸತ್ತೇ ಹೋಯಿತು! ಕೈ ಆಡುತ್ತಿದೆ, ದನಿಯಿಲ್ಲ. ಮುಂದಿನ ಸಾಲಿನ ಹುಡುಗರು ಕೇಕೆ ಹಾಕಿದರು. ಆರ್ಕೆಸ್ಟ್ರಾ ಯಜಮಾನರು ಬೈಯಲಿಲ್ಲ. ಮತ್ತೆ ಕರೆಯಲೂ ಇಲ್ಲ.

ಆದದ್ದೇನು ಗೊತ್ತಾ? ಅದು ಆಕ್ಟಿವ್ ಬೇಸ್. ಹೊಟ್ಟೆಯೊಳಗೆ 9 ವೋಲ್ಟಿನ ಒಂದು ಬ್ಯಾಟರಿ. ವೈರ್ ಚುಚ್ಚಿದೊಡನೆ ಅದು ಚಾಲೂ ಆಗುತ್ತೆ, ನುಡಿಸಿದರೂ ಸರಿ, ನುಡಿಸದೆ ಮೂಲೆಗಿಟ್ಟರೂ ಸರಿ. ನಾನು ರಾತ್ರಿಯಿಡೀ ವೈರ್ ಚುಚ್ಚೇ ಇಡ್ತಿದ್ದೆ. ಕೊಂಡ ದಿನದಿಂದ ಬ್ಯಾಟರಿ ಬದಲಾಯಿಸಿರಲೇ ಇಲ್ಲ. ಒಳಗೆ ಬ್ಯಾಟರಿ ಇದೆ ಅನ್ನೋದೇ ತಿಳಿದಿರಲಿಲ್ಲ ಅಂದರೆ ನಂಬ್ತೀರಾ?

ಮೂರು ವಾದ್ಯ, ಒಂದೇ ಹಾಡು

ಮೊನ್ನೆ ಬೆಂಗಳೂರಿನಲ್ಲಿ ಹಿರಿಯ ವಾದಕರೊಬ್ಬರ ಮನೆಗೆ ಹೋಗಿದ್ದೆ. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಒಳಗಿನಿಂದ ಮೂರು ಪೆಟ್ಟಿಗೆ ತಂದಿಟ್ಟರು. ಮೂರರಲ್ಲೂ ಅದೇ 'ಗೀತಾ' ಹಾಡಿನ ಅದೇ ಸಾಲು ನುಡಿಸಿದರು. ಒಂದೇ ಹಾಡು ಮೂರು ಬಾಯಲ್ಲಿ ಕೇಳಿದಂತಾಯಿತು.

ಮೊದಲನೆಯದು ಪ್ರಿಸಿಷನ್ ಬೇಸ್. ಇದೇ ಈ ವಂಶದ ಹಿರಿಯಣ್ಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಇದನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಅದರಲ್ಲಿ ಫ್ರೆಟ್ ಇಲ್ಲ, ಬೆರಳು ಕೂದಲೆಳೆ ಜಾರಿದರೂ ಶ್ರುತಿ ತಪ್ಪುತ್ತೆ. ಇದಕ್ಕೆ ಫ್ರೆಟ್ ಕೂರಿಸಿದರು, ಸ್ವರ ಕರಾರುವಾಕ್ಕಾಯಿತು. 'ಪ್ರಿಸಿಷನ್' ಅಂತ ಹೆಸರು ಬಂದದ್ದೇ ಹಾಗೆ.

ಇಲ್ಲಿ ಪಿಕಪ್ ವಿಚಾರ ಸ್ವಲ್ಪ ಹೇಳಬೇಕು. ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕೆಳಗೆ ವಿದ್ಯುತ್ ಹುಟ್ಟುತ್ತೆ. ಆದರೆ ಈ ಸುರುಳಿ ಟ್ಯೂಬ್‌ಲೈಟು, ಕರೆಂಟ್ ವೈರುಗಳ 'ಗುಂಯ್' ಶಬ್ದವನ್ನೂ ಎಳೆದುಕೊಳ್ಳುತ್ತೆ. 1957ರಲ್ಲಿ ಪ್ರಿಸಿಷನ್ನಿನ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದನ್ನು ಇನ್ನೊಂದಕ್ಕೆ ತಿರುವುಮುರುವಾಗಿ ಸುತ್ತಿದರು. ಎರಡೂ ತುಂಡಿನ ಗುಂಯ್ ಒಂದಕ್ಕೊಂದು ಹೊಡೆದುಹೋಯಿತು. ಸ್ವರ ಮಾತ್ರ ಉಳಿಯಿತು! ಒಂದು ವಾಲ್ಯೂಮ್, ಒಂದು ಟೋನ್, ಇಷ್ಟೇ ಗುಬ್ಬಿಗಳು. ನಾದ ದಪ್ಪ, ದುಂಡಗೆ, ನಡುವೆ ಒಂದು ಗುದ್ದು. ಎಷ್ಟೇ ವಾದ್ಯಗಳ ಗದ್ದಲವಿರಲಿ, ತನ್ನ ಜಾಗ ಬಿಟ್ಟುಕೊಡೋದಿಲ್ಲ.

ಎರಡನೆಯದು ಜಾಝ್ ಬೇಸ್. ಅದೇ ಫೆಂಡರ್ ಮನೆಯ ಮಗಳು, 1960ರಲ್ಲಿ ಹುಟ್ಟಿದ್ದು. ಸೊಂಟ ಓರೆ, ಕತ್ತು ಸಪೂರ. ತಂತಿಗಳು ಕತ್ತು ಹತ್ತುವ ಕಡೆ ಹಳೆಯ ಪ್ರಿಸಿಷನ್ ಒಂದೂ ಮುಕ್ಕಾಲು ಅಂಗುಲ ಅಗಲವಿದ್ದರೆ ಇದು ಒಂದೂವರೆಯೇ. ನಮ್ಮಂಥ ಚಿಕ್ಕ ಕೈಯವರಿಗೆ ವರದಾನ. ಪಿಕಪ್ ಎರಡು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಬ್ರಿಡ್ಜಿನ ಹತ್ತಿರದ್ದನ್ನು ಮಾತ್ರ ಏರಿಸಿದರೆ ನಾದ ಬಿಗಿ, ಗುರ್‍ರ್ ಅನ್ನುವ ಗಡಸು. ಕತ್ತಿನ ಹತ್ತಿರದ್ದು ಗುಂಡಗೆ, ಮೆತ್ತಗೆ. ಎರಡನ್ನೂ ಪೂರ್ತಿ ತೆರೆದರೆ ತಿಳಿಯಾದ ನಾದ, ಆದರೆ ನಡುವಿನ ಗುದ್ದು ಕಮ್ಮಿ. ಇನ್ನೊಂದು ಕೊರತೆಯೂ ಇದೆ: ಹಳೆಯ ಬಗೆಯ ಪಿಕಪ್ಪನ್ನು ಒಂಟಿಯಾಗಿ ಬಳಸಿದರೆ ಆ ಗುಂಯ್ ಹಾಜರ್! ಹಬ್ಬದ ಸೀರಿಯಲ್ ಸೆಟ್ ಪಕ್ಕದಲ್ಲಿ ನಿಂತರಂತೂ ಕೇಳಲೇಬೇಡಿ.

ಮೂರನೆಯದು ಸ್ಟಿಂಗ್‌ರೇ, 1976ರ ಕೂಸು. 1965ರಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್‌ಗೆ 130 ಲಕ್ಷ ಡಾಲರಿಗೆ ಮಾರಿದ್ದರು. ಆಮೇಲೆ ಮ್ಯೂಸಿಕ್ ಮ್ಯಾನ್ ಹೆಸರಿನಲ್ಲಿ ಹಳೆಯ ಗೆಳೆಯರ ಜೊತೆ ಮಾಡಿದ್ದು ಇದು. ಒಂದೇ ದೊಡ್ಡ ಪಿಕಪ್. ಒಳಗೆ ಬ್ಯಾಟರಿ, ಪ್ರಿಆಂಪ್. ಬರೀ ಟೋನ್ ಗುಬ್ಬಿ ಇದ್ದರೆ ತಾರವನ್ನು ಕಡಿಮೆ ಮಾಡಬಹುದು ಅಷ್ಟೇ; ಹೆಚ್ಚಿಸಲು ಬರೋಲ್ಲ. ಇದರಲ್ಲಿ ಕೆಳಗಿನ ದನಿಯನ್ನೂ ಮೇಲಿನ ದನಿಯನ್ನೂ ಕೈಯಾರೆ ಏರಿಸಬಹುದು. ಹೆಬ್ಬೆರಳಲ್ಲಿ ತಂತಿಗೆ ಬಾರಿಸಿದರೆ ಚಾಟಿ ಬೀಸಿದ ಹಾಗೆ 'ಛಟ್' ಅನ್ನುತ್ತೆ. ಕುಣಿಸೋ ಹಾಡಿಗೆ ಇದಕ್ಕೆ ಎದುರಿಲ್ಲ. ಆದರೆ ಬ್ಯಾಟರಿ... ನನ್ನ ಗಾಯಕ್ಕೆ ಉಪ್ಪು ಹಚ್ಚಬೇಡಿ!

ಮೂರಕ್ಕೂ ತಂತಿಯ ಉದ್ದ 34 ಅಂಗುಲ. ಮೂರರಲ್ಲೂ ಕತ್ತನ್ನು ಮೈಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಬಡ ವಾದಕನಿಗೆ ಇದು ಸಣ್ಣ ಮಾತಲ್ಲ.

ದುಬಾರಿಯಲ್ಲ, ಆದರೂ ಜಗದ್ವಿಖ್ಯಾತ

ಹಾಗಾದರೆ ಬೆಲೆಯೇ ನಾದವೇ? ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಪಿಟೀಲಿನಾಕಾರದ ಹಾಫ್ನರ್. ಕೊಟ್ಟದ್ದು ಸುಮಾರು 30 ಪೌಂಡ್. ಫೆಂಡರ್ ಕೊಳ್ಳುವ ಶಕ್ತಿ ಆಗ ಅವರಿಗಿರಲಿಲ್ಲ. ಹಾಫ್ನರ್ ಮೈ ಟೊಳ್ಳು, ತೂಕ ಹಗುರ, ತಂತಿಯೂ ಗಿಡ್ಡ, ನಾದ ಮರದ ಡಬ್ಬಿ ತಟ್ಟಿದಂತೆ ಮೆತ್ತಗೆ. ಅದರಲ್ಲೇ ಜಗತ್ತನ್ನು ಕುಣಿಸಿದರು! 1972ರಲ್ಲಿ ಲಂಡನ್ನಿನಲ್ಲಿ ಅದು ಕಳುವಾಯಿತು. ಐವತ್ತು ವರ್ಷದ ಮೇಲೆ ಪತ್ತೆಯಾಗಿ ಒಡೆಯನ ಕೈ ಸೇರಿತು. ಆ ಸುದ್ದಿ ಹೊರಬಿದ್ದದ್ದು 2024ರ ಫೆಬ್ರುವರಿಯಲ್ಲಿ.

ಇನ್ನೊಬ್ಬರು ಜೇಮ್ಸ್ ಜೇಮರ್ಸನ್. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು. 1962ರ ಒಂದು ಪ್ರಿಸಿಷನ್, ನುಣುಪು ಹೊದಿಕೆಯ ಹಳೇ ತಂತಿ, ಮೀಟಲು ಒಂದೇ ಬೆರಳು. ಅಷ್ಟರಲ್ಲೇ ಒಂದು ಯುಗವನ್ನು ಆಳಿದರು. ಹಾಡುಗಳು ಮನೆಮಾತಾದವು, ರೆಕಾರ್ಡಿನ ಮೇಲೆ ಅವರ ಹೆಸರು ಮಾತ್ರ ವರ್ಷಗಟ್ಟಲೆ ಅಚ್ಚಾಗಲಿಲ್ಲ. 1983ರಲ್ಲಿ ತೀರಿಕೊಂಡರು. ನಮ್ಮ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಬೇಸ್ ವಾದಕರ ಹೆಸರು ನೀವೆಷ್ಟು ಸಲ ಓದಿದ್ದೀರಿ, ಹೇಳಿ?

ಕೊಳ್ಳೋ ಮುಂಚೆ ಇಷ್ಟು ಮಾಡಿ

ಹಿರಿಯರು ಹೇಳಿಕೊಟ್ಟದ್ದನ್ನು ನಿಮಗೂ ಹೇಳ್ತೀನಿ. ಬಂದೂಕಿನ ಗುರಿ ನೋಡುವ ಹಾಗೆ ತಲೆಯ ಕಡೆಯಿಂದ ಕತ್ತಿನುದ್ದಕ್ಕೂ ಕಣ್ಣು ಹಾಯಿಸಿ. ಚೂರು ಬಾಗಿದ್ದರೆ ಪರವಾಗಿಲ್ಲ, ತಿರುಚಿದ್ದರೆ ಎದ್ದು ಬನ್ನಿ. ನಾಲ್ಕೂ ತಂತಿಯನ್ನು ಪ್ರತಿ ಫ್ರೆಟ್‌ನಲ್ಲೂ ಮೀಟಿ. ಕೆಲವು ವಾದ್ಯದಲ್ಲಿ ಐದರಿಂದ ಏಳನೇ ಫ್ರೆಟ್ ಹತ್ತಿರ ಜಿ ತಂತಿಯ ಸ್ವರ ಬೇಗ ಸಾಯುತ್ತೆ, ಗಮನವಿಡಿ. ಗುಬ್ಬಿ ತಿರುವಿದಾಗ ಕರಕರ ಅಂದರೆ ಒಳಗೆ ಧೂಳು. ಅದು ಸಣ್ಣ ರಿಪೇರಿ. ಕೊರಳಿಗೆ ಹಾಕಿಕೊಂಡು ಕೈ ಬಿಡಿ. ತಲೆ ನೆಲಕ್ಕೆ ಜಗ್ಗಿದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ನಿಮ್ಮ ಭುಜಕ್ಕೆ ಶನಿ. ಬ್ಯಾಟರಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಬಣ್ಣ ನೋಡೋದು ಎಲ್ಲಕ್ಕಿಂತ ಕೊನೆಗೆ.

ಅಂದ ಹಾಗೆ, ಹೊರಡುವಾಗ ಹಿರಿಯರು ಪ್ರಿಸಿಷನ್ನನ್ನು ನನ್ನ ಕೈಗೆ ಕೊಟ್ಟು 'ನುಡಿಸಪ್ಪಾ' ಅಂದರು. ಅಂದು ನಿಂತುಹೋದ ಸಾಲನ್ನು ಮೆಲ್ಲಗೆ ಶುರುಮಾಡಿದೆ. ಐದನೇ ಫ್ರೆಟ್ ದಾಟಿದೆ. ಜರ್‍ರ್ ಅನ್ನಲಿಲ್ಲ. ಸಾಲು ಪೂರ್ತಿಯಾಯಿತು. ಹಿರಿಯರು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕೆಂಪು ಸುಂದರಿ ಈಗಲೂ ಮನೆಯ ಗೋಡೆಯ ಮೇಲಿದ್ದಾಳೆ. ಫೀಸಿನ ಸಂಗತಿ ಅಪ್ಪನಿಗೆ ಹೇಳಿದ್ದು ಆರು ವರ್ಷ ಕಳೆದ ಮೇಲೆ. ಅವರು ಬಹಳ ಹೊತ್ತು ಗೋಡೆ ನೋಡಿ, 'ಅದರಲ್ಲಿ ಒಂದು ಹಾಡಾದರೂ ಬಾರಿಸೋ, ಕೇಳೋಣ' ಅಂದರು. ಹೊಸ ಬ್ಯಾಟರಿ ಹಾಕಿ, ನಾಲ್ಕೇ ಫ್ರೆಟ್‌ನಲ್ಲಿ ಬಾರಿಸಿದೆ.

ಮಿತ್ರರೇ, ಮುಂದಿನ ಸಲ ಟಾಕೀಸಿನಲ್ಲಿ ಎದೆ 'ಧುಂ' ಅಂದಾಗ ಒಂದು ಸೀಟಿ ಆ ಕಾಣದ ಬೆರಳುಗಳಿಗೂ ಹೊಡೆಯಿರಿ!